ಮೆಕ್ಕೆಜೋಳಕ್ಕೆ ಮೇಲುಗೊಬ್ಬರ: ಎರಚಿದ್ದು, ಮುಚ್ಚಿದ್ದು, ಸಿಂಪಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಮಳೆ ನಂಬಿದ ಮೆಕ್ಕೆಜೋಳಕ್ಕೆ ಮೇಲುಗೊಬ್ಬರವಾಗಿ, ಅಂದರೆ ಬೆಳೆ ಎದ್ದ ಮೇಲೆ ಕೊಡುವ ಗೊಬ್ಬರವಾಗಿ, ನನ್ನ ಆಯ್ಕೆ ಹಳೆಯ ಬೇವು ಲೇಪಿತ ಯೂರಿಯಾನೇ. ಆದರೆ ಒಂದೇ ಸಲ ಎರಚಿ ಬರುವುದಲ್ಲ. ಎರಡು ಕಂತು ಮಾಡಿ, ಎರಡು ಸಲವೂ ಸಾಲಿನ ಪಕ್ಕ ಹಾಕಿ, ಎಡೆ ಹೊಡೆದು, ಅಂದರೆ ಸಾಲುಗಳ ನಡುವೆ ಕುಂಟೆ ಎಳೆದು, ಮಣ್ಣು ಮುಚ್ಚಬೇಕು. ದಾವಣಗೆರೆ ತಾಲೂಕಿನ ನಮ್ಮ ಕೆಂಪು ಮಣ್ಣಿನಲ್ಲಿ ಬೇರೆ ದಾರಿಗಳನ್ನು ಪಕ್ಕಪಕ್ಕದ ಪಟ್ಟಿಗಳಲ್ಲಿ ಇಟ್ಟು, ತೂಕ ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಕೈ ಹಾಕಿದ್ದು 2025ರ ಮುಂಗಾರಿನಲ್ಲಿ. ಮಳೆ ಬೇಗ ಬಂತು, ಎಲ್ಲರೂ ಮೆಕ್ಕೆಜೋಳಕ್ಕೇ ಬಿದ್ದರು, ರಾಜ್ಯದ ತುಂಬ ಯೂರಿಯಾಗೆ ಸಾಲು ನಿಂತೆವು. ನಾನು ಹೋದ ಅಂಗಡಿಯಲ್ಲಿ ಚೀಲ ಬೇಕಾದರೆ ಗರಿಗೆ ಸಿಂಪಡಿಸುವ ದ್ರವ ಗೊಬ್ಬರ ನ್ಯಾನೋ ಯೂರಿಯಾದ ಬಾಟಲಿಯನ್ನೂ ತಗೋಬೇಕು ಅಂದರು. ಬೇರೆ ದಾರಿ ಇರಲಿಲ್ಲ, ತಗೊಂಡೆ. ದುಡ್ಡು ಕೊಟ್ಟ ಮೇಲೆ ಸುಮ್ನೆ ಅಟ್ಟದ ಮೇಲೆ ಇಡುವ ಬದಲು ಅದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಹೊಲದಲ್ಲೇ ನೋಡೋಣ ಅನ್ನಿಸಿತು.

ಲೆಕ್ಕ ಹೀಗಿದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 100 ಕೆಜಿ ಸಾರಜನಕ, 50 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್. ಎಕರೆಗೆ ಇಳಿಸಿದರೆ ಸಾರಜನಕ 40 ಕೆಜಿ. ಬಿತ್ತುವಾಗ ಹಾಕುವ ಒಂದು ಚೀಲ ಡಿಎಪಿಯಲ್ಲೇ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 9 ಕೆಜಿ ಬಂದುಬಿಡುತ್ತದೆ. ಉಳಿದ 31 ಕೆಜಿಗೆ 45 ಕೆಜಿಯ ಯೂರಿಯಾ ಚೀಲ ಒಂದೂವರೆ ಸಾಕು. ಚೀಲಕ್ಕೆ 266 ರೂಪಾಯಿ 50 ಪೈಸೆಯಂತೆ ಎಕರೆಗೆ ಬರೋಬ್ಬರಿ 400 ರೂಪಾಯಿ. ನಮ್ಮ ಕಡೆ ಎರಡೂವರೆ, ಮೂರು ಚೀಲ ಸುರಿಯುವವರೂ ಇದ್ದಾರೆ. ನಾನು ಶಿಫಾರಸಿನಲ್ಲೇ ನಿಂತೆ.

ಪಟ್ಟಿಗಳು ಹೀಗಿದ್ದವು. ಒಂದರಲ್ಲಿ ಒಂದೂವರೆ ಚೀಲದ ಲೆಕ್ಕವನ್ನು 30 ದಿನಕ್ಕೆ ಒಂದೇ ಸಲ ಮೇಲೆ ಎರಚಿದ್ದು, ಊರಲ್ಲಿ ಎಲ್ಲರೂ ಮಾಡುವ ಹಾಗೆ. ಇನ್ನೊಂದರಲ್ಲಿ ಮುಕ್ಕಾಲು ಚೀಲ ಮೊಳಕಾಲುದ್ದ ಇದ್ದಾಗ, ಮುಕ್ಕಾಲು ಚೀಲ ಸೂಲಂಗಿ (ತುದಿಯ ಗಂಡು ಹೂ) ಬರುವ ಮುಂಚೆ, ಎರಡೂ ಸಲ ಮಣ್ಣು ಮುಚ್ಚಿ. ಮೂರನೆಯದರಲ್ಲಿ ಮೊದಲ ಕಂತು ಯೂರಿಯಾ, ಎರಡನೆಯದರ ಬದಲು ಎಕರೆಗೆ ಒಂದು ಬಾಟಲಿ ನ್ಯಾನೋ. ನಾಲ್ಕನೆಯದರಲ್ಲಿ ಮೊದಲ ಕಂತು ಮಾತ್ರ, ಎರಡನೆಯದು ಖಾಲಿ. ಐದನೆಯದಕ್ಕೆ ಮೇಲುಗೊಬ್ಬರವೇ ಇಲ್ಲ, ಡಿಎಪಿ ಮಾತ್ರ. ಯೂರಿಯಾ ಬದಲು ಬಳಸುವ ಇನ್ನೊಂದು ಸಾರಜನಕ ಗೊಬ್ಬರ ಅಮೋನಿಯಂ ಸಲ್ಫೇಟ್ ಒಂದೇ ಒಂದು ಪಟ್ಟಿ ಹಾಕಿದ್ದೆ.

ನಾಲ್ಕನೆಯ ಪಟ್ಟಿ ಯಾಕೆ ಅಂತ ಎಲ್ಲರೂ ಕೇಳಿದರು. ಬಾಟಲಿಯ ಪರೀಕ್ಷೆಗೆ ಅದೇ ಜೀವಾಳ. ನ್ಯಾನೋ ಹೊಡೆದ ಪಟ್ಟಿಯಲ್ಲಿ ಬೆಳೆ ಪರವಾಗಿಲ್ಲ ಅನ್ನಿಸಿದರೆ, ಅದು ಬಾಟಲಿಯಿಂದ ಬಂತಾ, ಇಲ್ಲ ಮೊದಲ ಕಂತಿನಿಂದಲೇ ಬಂತಾ? ಬಾಟಲಿಯೊಂದನ್ನು ಬಿಟ್ಟು ಉಳಿದೆಲ್ಲ ಹಾಗೇ ಇರುವ ಪಟ್ಟಿ ಪಕ್ಕದಲ್ಲಿದ್ದರೆ ಮಾತ್ರ ಗೊತ್ತಾಗುತ್ತದೆ. "ಪೂರ್ತಿ ಹೊಲಕ್ಕೆ ಹೊಡೆದೆ, ಚೆನ್ನಾಗಿ ಬಂತು" ಅನ್ನುವ ಮಾತುಗಳನ್ನು ನಾನು ಈಗ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸಲ್ಫೇಟ್ ಬಿಟ್ಟು ಉಳಿದ ಐದು ಪಟ್ಟಿ ಸೇರಿ ಒಂದು ಗುಂಪು, ಅಂಥ ಗುಂಪನ್ನು ಮೂರು ಕಡೆ ಹಾಕಿದೆ, ಪ್ರತಿ ಗುಂಪಿನಲ್ಲೂ ಕ್ರಮ ಬದಲಿಸಿ. ನಮ್ಮ ಹೊಲ ಇಳಿಜಾರು, ಕೆಳಗಿನ ಬದುವಿನ ಹತ್ತಿರ ತೇವ ಜಾಸ್ತಿ ನಿಲ್ಲುತ್ತದೆ, ಮೇಲಿನಿಂದ ಕೊಚ್ಚಿದ ಗೊಬ್ಬರವೂ ಅಲ್ಲಿಗೇ ಬರುತ್ತದೆ. ಹಾಗಾಗಿ ಪ್ರತಿ ಪಟ್ಟಿಯೂ ಮೇಲಿನಿಂದ ಕೆಳಗಿನವರೆಗೆ ಹೋಗುವ ಹಾಗೆ ಇಟ್ಟೆ. ತಿಪ್ಪೆ ಗೊಬ್ಬರದ ಗುಡ್ಡೆ ಬಿದ್ದಿದ್ದ ಜಾಗವನ್ನು ಪೂರ್ತಿ ಬಿಟ್ಟೆ. ಅಲ್ಲಿ ಏನೂ ಹಾಕದಿದ್ದರೂ ಬೆಳೆ ಕಪ್ಪು ಹಸಿರೇ. ಒಂದೇ ಬೀಜ, ಒಂದೇ ದಿನದ ಬಿತ್ತನೆ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಂಡ ಫಾಲ್ ಸೈನಿಕ ಹುಳು ಈಗ ಪ್ರತಿ ವರ್ಷದ ಅತಿಥಿ, ಅದಕ್ಕೂ ಎಲ್ಲಾ ಪಟ್ಟಿಗೂ ಒಂದೇ ದಿನ ಒಂದೇ ಔಷಧಿ.

ಇಲ್ಲಿಯವರೆಗೆ ಎಲ್ಲ ಸಲೀಸು. ನಿಜವಾದ ತಲೆನೋವು ಶುರುವಾಗಿದ್ದು ಕೊಯ್ಲಿನಲ್ಲಿ.

ಪ್ರತಿ ಪಟ್ಟಿಯಿಂದ ಬರೋಬ್ಬರಿ ಒಂದು ಗುಂಟೆ ಕೊಯ್ಯುವುದು ನನ್ನ ಲೆಕ್ಕ. ನಮ್ಮ ಸಾಲಿನ ಅಂತರ ಎರಡು ಅಡಿ. ನಡುವಿನ ನಾಲ್ಕು ಸಾಲು ಅಂದರೆ ಎಂಟು ಅಡಿ ಅಗಲ. 136 ಅಡಿ ಉದ್ದದ ಹಗ್ಗ ಹಿಡಿದರೆ 1,088 ಚದರ ಅಡಿ, ಹೆಚ್ಚು ಕಮ್ಮಿ ಒಂದು ಗುಂಟೆ. ಬಂದ ತೂಕವನ್ನು 40ರಿಂದ ಗುಣಿಸಿದರೆ ಎಕರೆ ಇಳುವರಿ. ಅಂಚಿನ ಸಾಲುಗಳು ಪಕ್ಕದ ಪಟ್ಟಿಯ ಗೊಬ್ಬರವನ್ನೂ ಎಳೆದುಕೊಳ್ಳುತ್ತವೆ, ಆದ್ದರಿಂದ ಅವನ್ನು ತೂಕಕ್ಕೆ ಸೇರಿಸಲಿಲ್ಲ.

ಆದರೆ ಈ 40ರ ಗುಣಾಕಾರ ತಪ್ಪನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಗುಂಟೆಯಲ್ಲಿ ಒಂದು ಕೆಜಿ ಹೆಚ್ಚು ಕಮ್ಮಿ ಆದರೆ ಎಕರೆಗೆ 40 ಕೆಜಿ. ಬಾಡಿಗೆ ಒಕ್ಕಣೆ ಮಷಿನ್ ಬಂತು. ಮೊದಲ ಪಟ್ಟಿಯ ತೆನೆ ಹಾಕಿದೆವು, ಕಾಳು ನಿಂತಿತು ಅಂದುಕೊಂಡು ಚೀಲ ಬದಲಿಸಿದೆವು. ಮಷಿನ್ ಅಲುಗಾಡಿದಂತೆ ಒಳಗಿಂದ ಮತ್ತೆ ಕಾಳು ಉದುರುತ್ತಲೇ ಇತ್ತು. ಜರಡಿಯ ಮೇಲೆ, ಮೂಲೆಯಲ್ಲಿ, ಎಲ್ಲೆಲ್ಲೂ ಕಾಳು. ಐದು ಕೆಜಿ ಒಳಗೆ ಉಳಿದು ಮುಂದಿನ ಪಟ್ಟಿಗೆ ಸೇರಿದರೆ ಎಕರೆ ಲೆಕ್ಕದಲ್ಲಿ ಎರಡು ಕ್ವಿಂಟಲ್ ಅತ್ತಿಂದಿತ್ತ ಆಗುತ್ತದೆ. ನಾನು ಹುಡುಕುತ್ತಿದ್ದ ವ್ಯತ್ಯಾಸವೇ ಅಷ್ಟು! ಪ್ರತಿ ಪಟ್ಟಿಗೂ ಮಷಿನ್ ಖಾಲಿ ಮಾಡಿಕೊಡಪ್ಪ ಅಂದರೆ, ಗಂಟೆ ಲೆಕ್ಕದಲ್ಲಿ ದುಡಿಯುವ ಆಪರೇಟರ್ ಯಾಕೆ ಕಾಯುತ್ತಾನೆ? ಅವನ ತಪ್ಪೂ ಅಲ್ಲ, ಮುಂದಿನ ಹೊಲದವರು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ.

ಕೊನೆಗೆ ಮಷಿನ್ ಬಿಟ್ಟು ತೆನೆಯನ್ನೇ ತೂಗಿದೆವು. ರವದಿ ಬಿಚ್ಚಿದ ತೆನೆ ಚೀಲಕ್ಕೆ ತುಂಬಿ, ಬೇವಿನ ಕೊಂಬೆಗೆ ತೂಕದ ಕೊಕ್ಕೆ ನೇತು ಹಾಕಿ, ಪಟ್ಟಿವಾರು ಬರೆದುಕೊಂಡೆವು. ಪ್ರತಿ ಪಟ್ಟಿಯಿಂದ ಕಣ್ಣು ಮುಚ್ಚಿ ಇಪ್ಪತ್ತು ತೆನೆ ಎತ್ತಿ, ಮನೆಯವರೆಲ್ಲ ಕೂತು ಕೈಯಲ್ಲೇ ಬಿಡಿಸಿ, ಕಾಳು ಎಷ್ಟು, ಬೆಂಡು ಎಷ್ಟು ಅಂತ ತೂಗಿದೆವು. ಕಣ್ಣು ಮುಚ್ಚಿಯೇ ಎತ್ತಬೇಕು. ಕಣ್ಣು ಬಿಟ್ಟರೆ ಕೈ ದಪ್ಪ ತೆನೆಗೇ ಹೋಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಾರಜನಕ ಚೆನ್ನಾಗಿ ಸಿಕ್ಕ ಪಟ್ಟಿಗಳು ಕೊನೆವರೆಗೂ ಹಸಿರಾಗಿದ್ದವು. ಅಂದರೆ ಅವುಗಳ ಕಾಳಲ್ಲಿ ನೀರೂ ಜಾಸ್ತಿ. ಮೇಲುಗೊಬ್ಬರ ಇಲ್ಲದ ಪಟ್ಟಿ ಬೇಗ ಒಣಗಿ ಬೆಳ್ಳಗಾಗಿತ್ತು. ಹಾಗೇ ತೂಗಿದರೆ ನನಗೆ ಇಷ್ಟವಾದ ಪಟ್ಟಿಗೆ ನೀರಿನ ತೂಕವೂ ಬಿಟ್ಟಿ ಸೇರುತ್ತದೆ. ಹಾಗಾಗಿ ಪ್ರತಿ ಪಟ್ಟಿಯ ಕಾಳನ್ನು ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಕವರ್‌ನಲ್ಲಿ ಒಯ್ದು, ಪರಿಚಯದ ದಲ್ಲಾಳಿ ಅಂಗಡಿಯ ಮೀಟರ್‌ನಲ್ಲಿ ತೇವಾಂಶ ನೋಡಿಸಿದೆ. ಎಲ್ಲವನ್ನೂ ಶೇ. 14ರ ತೇವಾಂಶಕ್ಕೆ ಇಳಿಸಿದೆ. ಶೇ. 22 ತೇವಾಂಶದ 100 ಕೆಜಿ ಕಾಳು ಇದ್ದರೆ, 78ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಸಿಗುವುದು 90.7 ಕೆಜಿ ಮಾತ್ರ. ಒಂಬತ್ತು ಕೆಜಿಗೂ ಜಾಸ್ತಿ ಬರೀ ನೀರು. ಹೊಲದಲ್ಲಿ ಗೊಬ್ಬರ ಹೋಲಿಸುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ತೇವಾಂಶ ನೋಡದ ತೂಕದಲ್ಲಿ ಯಾವಾಗಲೂ ಹಸಿರು ಪಟ್ಟಿಯೇ ಗೆಲ್ಲುತ್ತದೆ.

ಈಗ ಫಲಿತಾಂಶ. ಮುಚ್ಚಿದ ಎರಡು ಕಂತು ಮೂರು ಕಡೆಯಲ್ಲೂ ಮೇಲೇ ಇತ್ತು. ಒಂದೇ ಸಲ ಎರಚಿದ್ದಕ್ಕಿಂತ ಎಕರೆಗೆ ಒಂದೂವರೆ ಕ್ವಿಂಟಲ್ ಆಸುಪಾಸು ಹೆಚ್ಚು. ಒಂದು ಗುಂಪಿನಲ್ಲಿ ವ್ಯತ್ಯಾಸ ತೀರಾ ಕಡಿಮೆ, ಇನ್ನೆರಡರಲ್ಲಿ ಎದ್ದು ಕಾಣುವಷ್ಟು. ಒಂದೇ ಪಟ್ಟಿ ಹಾಕಿದ್ದರೆ ಯಾವ ಕಡೆ ಬೇಕಾದರೂ ತೀರ್ಪು ಬೀಳುತ್ತಿತ್ತು. ಕಾರಣ ಕಷ್ಟದ್ದೇನಲ್ಲ. ಒದ್ದೆ ನೆಲದ ಮೇಲೆ ಬಿದ್ದ ಯೂರಿಯಾ ಬಿಸಿಲಿಗೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಇಂಚು ಮಣ್ಣು ಮುಚ್ಚಿದರೆ, ಇಲ್ಲ ಒಂದೆರಡು ದಿನದಲ್ಲೇ ಹದ ಮಳೆ ಬಂದು ಒಳಗೆ ಇಳಿಸಿದರೆ ಉಳಿಯುತ್ತದೆ. ಜೋರು ಮಳೆ ಬಂದರೆ ಒಂದೇ ಸಲ ಹಾಕಿದ್ದೆಲ್ಲ ಒಂದೇ ಸಲ ಕೊಚ್ಚಿ ಹೋಗುವ ಭಯ. ಎರಡು ಕಂತಿನಲ್ಲಿ ಅರ್ಧವಾದರೂ ಚೀಲದಲ್ಲಿ ಭದ್ರವಾಗಿರುತ್ತದೆ.

ಎರಡನೇ ಕಂತಿಗೆ ನಾನು ಕೊನೆಯ ಎಡೆಯನ್ನೇ ಹಿಡಿದೆ, 40 ದಿನ ದಾಟಿದ ಮೇಲೆ. ಆಗ ಎತ್ತು ಸಾಲಿನಲ್ಲಿ ಇನ್ನೂ ನುಗ್ಗುತ್ತವೆ, ಬಾಯಿಗೆ ಕುಕ್ಕೆ ಕಟ್ಟಿದರೆ ಗರಿಗೆ ಬಾಯಿ ಹಾಕುವುದಿಲ್ಲ. ಮುಂದೆ ಒಬ್ಬರು ಸಾಲಿನಿಂದ ನಾಲ್ಕು ಬೆರಳು ದೂರ ಯೂರಿಯಾ ಬಿಡುತ್ತಾ ಹೋಗುವುದು, ಹಿಂದೆ ಎಡೆಕುಂಟೆ ಮಣ್ಣು ಏರಿಸುವುದು. ಸುಳಿಯೊಳಗೆ ಹರಳು ಬಿದ್ದರೆ ಗರಿ ಸುಡುತ್ತದೆ, ಅದಕ್ಕೇ ಬಗ್ಗಿ ಬಿಡಬೇಕು.

ನ್ಯಾನೋ ವಿಷಯ. ಹೊಡೆದ ಮೇಲೆ ಕೆಲವು ದಿನ ಗರಿ ಕಡು ಹಸಿರಾಗಿ ಕಂಡಿತು, ನೋಡಿದವರೆಲ್ಲ ಮೆಚ್ಚಿದರು. ತೂಕಕ್ಕೆ ಬಂದಾಗ ಬಾಟಲಿ ಹೊಡೆದ ಪಟ್ಟಿಗೂ ಏನೂ ಹೊಡೆಯದ ನಾಲ್ಕನೇ ಪಟ್ಟಿಗೂ ಬೇರೆ ಅನ್ನುವಂಥ ವ್ಯತ್ಯಾಸವೇ ಸಿಗಲಿಲ್ಲ. ಒಂದು ಗುಂಪಿನಲ್ಲಿ ಇದು ಸ್ವಲ್ಪ ಮೇಲೆ, ಇನ್ನೊಂದರಲ್ಲಿ ಅದು. ಎರಡೂ ಯೂರಿಯಾದ ಪೂರ್ತಿ ಎರಡು ಕಂತಿಗಿಂತ ಸ್ಪಷ್ಟವಾಗಿ ಕೆಳಗೆ.

ಬಾಟಲಿಯ ಮೇಲಿನ ಅಂಕಿ ಓದಿದರೆ ಅಚ್ಚರಿ ಆಗುವುದಿಲ್ಲ. ಮೊದಲು ಬಂದ ನ್ಯಾನೋದಲ್ಲಿ ಶೇ. 4 ಸಾರಜನಕ, ಅಂದರೆ ಅರ್ಧ ಲೀಟರಿನ ಬಾಟಲಿಯಲ್ಲಿ 20 ಗ್ರಾಂ. ಈಗಿನದರಲ್ಲಿ ಶೇ. 20, ಅಂದರೆ 100 ಗ್ರಾಂ. ಒಂದು ಚೀಲ ಯೂರಿಯಾದಲ್ಲಿ 20.7 ಕೆಜಿ. ಮೆಕ್ಕೆಜೋಳದ ಒಂದು ಕ್ವಿಂಟಲ್ ಕಾಳಿನಲ್ಲೇ ಹೆಚ್ಚು ಕಮ್ಮಿ ಒಂದೂವರೆ ಕೆಜಿ ಸಾರಜನಕ ಇರುತ್ತದೆ. ಇಪ್ಪತ್ತು ಕ್ವಿಂಟಲ್ ಬೆಳೆದರೆ ಕಾಳಿಗೇ 30 ಕೆಜಿ ಹತ್ತಿರ ಬೇಕು, ದಂಟಿನದ್ದು ಬೇರೆ. 100 ಗ್ರಾಂ ಎಷ್ಟೇ ಚೆನ್ನಾಗಿ ಗರಿಯೊಳಗೆ ಇಳಿದರೂ ಆ ಪಾತ್ರೆ ತುಂಬುವುದು ಹೇಗೆ? ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ, ಗೋಧಿಯಲ್ಲಿ ಯೂರಿಯಾ ಕಡಿಮೆ ಮಾಡಿ ನ್ಯಾನೋ ಕೊಟ್ಟು ನೋಡಿದಾಗಲೂ ಇಳುವರಿ ಇಳಿದಿತ್ತು. ಬಾಟಲಿಗೆ 225 ರೂಪಾಯಿ, ಸಿಂಪಡಿಸುವ ಕೂಲಿ ಬೇರೆ. ಅದು ಯಾವುದರ ಬದಲು ಬಂತೋ ಆ ಮುಕ್ಕಾಲು ಚೀಲ ಯೂರಿಯಾಗೆ 200 ರೂಪಾಯಿ. ಎದೆಯೆತ್ತರದ ಮೆಕ್ಕೆಜೋಳದೊಳಗೆ ಪಂಪ್ ಹೊತ್ತು ನಡೆದರೆ ಗರಿ ಮುಖ, ಕೈ ಕೊಯ್ಯುವುದನ್ನೂ ಸೇರಿಸಿಕೊಳ್ಳಿ.

ಅಮೋನಿಯಂ ಸಲ್ಫೇಟ್: ಬೆಳೆ ಚೆನ್ನಾಗಿತ್ತು, ಗಾಳಿಗೆ ಹೋಗುವ ಭಯ ಕಡಿಮೆ, ಗಂಧಕವೂ ಸಿಗುತ್ತದೆ. ಆದರೆ 50 ಕೆಜಿ ಚೀಲದಲ್ಲಿ ಸಾರಜನಕ ಹತ್ತು ಕೆಜಿ ಚಿಲ್ಲರೆ ಅಷ್ಟೇ. ಕೆಜಿ ಸಾರಜನಕಕ್ಕೆ ಯೂರಿಯಾದಲ್ಲಿ 13 ರೂಪಾಯಿ ಬಿದ್ದರೆ ಇದರಲ್ಲಿ ಹಲವು ಪಟ್ಟು. ಒಂದೇ ಪಟ್ಟಿ ಆದ್ದರಿಂದ ಜಾಸ್ತಿ ಹೇಳಲ್ಲ.

ಮೇಲುಗೊಬ್ಬರ ಇಲ್ಲದ ಪಟ್ಟಿ ಅರ್ಧದಷ್ಟು ಇಳುವರಿ ಕೊಟ್ಟಿತು. ಮನೆಯಲ್ಲಿ ಹಿರಿಯರಿಗೆ ಅದನ್ನು ನೋಡಿ ಬೇಜಾರು. ಆದರೆ ನಮ್ಮ ಮಣ್ಣು ತಾನಾಗೇ ಎಷ್ಟು ಕೊಡುತ್ತದೆ ಅನ್ನುವುದು ಆ ಪಟ್ಟಿಯಿಂದಲೇ ತಿಳಿದದ್ದು.

ಎಲ್ಲರಿಗೂ ಎರಡು ಕಂತೇ ಸರಿ ಅಂತ ಹೇಳುವುದಿಲ್ಲ. ನಮ್ಮದು ಸಣ್ಣ ಹೊಲ, ಎತ್ತಿವೆ, ಎಡೆ ಹೇಗಿದ್ದರೂ ಹೊಡೆಯುತ್ತೇವೆ. ಗೊಬ್ಬರ ಬಿಡಲು ಮನೆಯವರೇ ಸಾಕು. ಹಾಗಾಗಿ ಆ ಒಂದೂವರೆ ಕ್ವಿಂಟಲ್ ನಮಗೆ ಪೂರ್ತಿ ಲಾಭ. 2025ರಲ್ಲಿ ಬೆಂಬಲ ಬೆಲೆ 2,400 ರೂಪಾಯಿ ಘೋಷಣೆ ಆಗಿದ್ದರೂ ಮಾರುಕಟ್ಟೆಯಲ್ಲಿ ಎರಡು ಸಾವಿರವೂ ಸಿಗದೆ ರೈತರು ಬೀದಿಗೆ ಇಳಿದರು. 1,800ರ ಲೆಕ್ಕ ಹಿಡಿದರೂ ಎಕರೆಗೆ 2,700 ರೂಪಾಯಿ. ಹತ್ತಾರು ಎಕರೆ ಇದ್ದು, ಎತ್ತಿಲ್ಲದೆ, ಆಳಿಗೂ ಎಡೆಗೂ ಬಾಡಿಗೆ ಕೊಡಬೇಕಾದವರಿಗೆ ಇದರಲ್ಲಿ ಅರ್ಧಕ್ಕೂ ಜಾಸ್ತಿ ಕೂಲಿಗೇ ಹೋಗಬಹುದು. ಅವರು ಒಂದೇ ಸಲ ಹಾಕಿದರೂ ಪರವಾಗಿಲ್ಲ, ಆದರೆ ಎಡೆಯ ಮುಂದೆ ಹಾಕಿ ಮಣ್ಣು ಮುಚ್ಚಿಸಲಿ.

ಬರುವ ಮುಂಗಾರಿಗೆ ಬಾಟಲಿಯ ಪಟ್ಟಿಗಳು ನನ್ನ ಹೊಲದಲ್ಲಿ ಇರುವುದಿಲ್ಲ. ಆ ಜಾಗದಲ್ಲಿ ಯೂರಿಯಾವನ್ನೇ ಒಂದು, ಒಂದೂವರೆ, ಎರಡು ಚೀಲ ಅಂತ ಮೂರು ಪ್ರಮಾಣದಲ್ಲಿ ಹಾಕುತ್ತೇನೆ, ಎಲ್ಲವನ್ನೂ ಎರಡು ಕಂತಿನಲ್ಲಿ. ಎರಡು ಚೀಲಕ್ಕೆ ಇಳುವರಿ ಏರದಿದ್ದರೆ ಮೂರು ಚೀಲ ಸುರಿಯುವ ಪಕ್ಕದ ಹೊಲದವರಿಗೆ ಕರೆದು ತೋರಿಸಬೇಕು ಅಂತಿದೆ. ತೂಕದ ದಿನ ಅವರನ್ನೇ ಕೊಕ್ಕೆ ಹಿಡಿಯಲು ಕೂರಿಸುತ್ತೇನೆ.