ಕೋವಿ ಕೆಟ್ಟಿದ್ದು ಮಳೆಯಲ್ಲಲ್ಲ, ಚೀಲದಲ್ಲಿ

ಬೆಳೆ ರಕ್ಷಣೆಗೆಂದು ಪರವಾನಗಿ ಕೋವಿ ಇಟ್ಟುಕೊಂಡಿರುವ ಮಲೆನಾಡಿನವರು, ಕೊಡಗಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಪ್ಪಯ್ಯನ ಕಾಲದ ಜೋಡು ನಳಿಗೆ ಕೋವಿ ನನ್ನ ಕೈಯಲ್ಲಿ ಒಂದೇ ಮಳೆಗಾಲಕ್ಕೆ ಹಾಳಾಯಿತು. ಅದಕ್ಕಿಂತ ಹೆಚ್ಚಿನ ಸಂಗತಿ, ನನ್ನ ಎಡಗೈ ಉಳಿದದ್ದು ಭಾವನ ಒಂದು ಮಾತಿನಿಂದ.

2024ರ ಸೆಪ್ಟೆಂಬರ್. ಗಣೇಶನ ಹಬ್ಬ ಕಳೆದು ಒಂದು ವಾರ ಆಗಿತ್ತು. ಆಗುಂಬೆ ಕಡೆಯ ಮಳೆ ಗೊತ್ತಲ್ಲ, ಹಬ್ಬ ಮುಗಿದರೂ ಬಿಟ್ಟಿರಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ತೋಟದ ಕೆಳಗಿನ ಅಂಚಿನಲ್ಲಿ ಹಂದಿ ನುಗ್ಗಿದ ಸದ್ದಾಯಿತು. ಹಿಂದಿನ ರಾತ್ರಿಯೇ ಸುವರ್ಣಗೆಡ್ಡೆ ಪಾತಿ ಪೂರ್ತಿ ಉತ್ತು ಹಾಕಿ, ಮೂವತ್ತು ನಲವತ್ತು ಬಾಳೆಕಂದು ಕೆಡವಿ ಹೋಗಿದ್ದವು. ನಮ್ಮದು ಬೇಟೆಯಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಪ್ಪಯ್ಯ ಈಡಿಗೆ ಹೋಗುವುದನ್ನೇ ಬಿಟ್ಟರು. ಆಕಾಶಕ್ಕೆ ಒಂದು ಈಡು ಹೊಡೆದರೆ ಆ ಸದ್ದಿಗೆ ಹಂದಿ ಹಿಂಡು ಗುಡ್ಡ ಹತ್ತುತ್ತದೆ, ಅಷ್ಟೇ ನಮಗೆ ಬೇಕಾದದ್ದು.

ಮೊದಲ ತೋಟೆ, ಅಂದರೆ ಕಾರ್ಟ್ರಿಜ್, ಹಾಕಿ ಟ್ರಿಗರ್ ಎಳೆದೆ. ಟಕ್ ಎಂದಿತು, ಈಡು ಹಾರಲಿಲ್ಲ. ನಾನು ತಕ್ಷಣ ಕೋವಿ ಮಡಚಿ ತೋಟೆ ತೆಗೆದು ಎಸೆದೆ. ಅದೇ ಮೊದಲ ತಪ್ಪು. ಅದನ್ನು ಮುಂದೆ ಹೇಳುತ್ತೇನೆ. ಎರಡನೇ ತೋಟೆ ಹಾಕಿದೆ. ಈ ಸಲ ಸದ್ದು ಬಂತು, ಆದರೆ ಅದು ಕೋವಿಯ ಸದ್ದಲ್ಲ. ಒದ್ದೆ ಪಟಾಕಿ ಹೊತ್ತಿಕೊಂಡ ಹಾಗೆ ಫುಸ್ ಎಂದಿತು. ಹೆಗಲಿಗೆ ಒದೆತವೇ ಇಲ್ಲ. ಹಂದಿಗಳು ಅಲ್ಲೇ ಇವೆ, ಮಳೆ ಹೊಡೆಯುತ್ತಿದೆ, ನನಗೆ ಸಿಟ್ಟು. ಖಾಲಿ ತೋಟೆ ಕಿತ್ತು, ಅದೇ ನಳಿಗೆಗೆ ಮೂರನೆಯದನ್ನು ತುರುಕುತ್ತಿದ್ದೆ.

ಟಾರ್ಚ್ ಹಿಡಿದು ಹಿಂದೆ ನಿಂತಿದ್ದ ಭಾವ ನನ್ನ ಮೊಣಕೈ ಹಿಡಿದುಕೊಂಡರು. "ಬ್ಯಾಡ ಮಾರಾಯ, ನಿಲ್ಲು. ಸದ್ದು ಸರಿ ಬಂದಿಲ್ಲ. ನಳಿಗೆ ಒಳಗೆ ನೋಡು ಮೊದ್ಲು."

ಮಡಚಿದ ಕೋವಿಯ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಬಲ ನಳಿಗೆಯ ಆಚೆ ಬದಿ ಕಾಣಲಿಲ್ಲ. ಗೇಣುದ್ದ ಒಳಗೆ ಏನೋ ಅಡ್ಡ ನಿಂತಿತ್ತು. ಅರ್ಧ ಸುಟ್ಟ, ಸುಡದ ಮದ್ದಿನ ಕಾಳುಗಳು ನನ್ನ ಅಂಗೈ ಮೇಲೆ ಉದುರಿದವು.

ನಡೆದದ್ದು ಇಷ್ಟು. ತೋಟೆಯ ಒಳಗೆ ಹಿಂದೆ ಕಿಡಿ ಕೊಡುವ ಕೇಪು, ಅದರ ಮುಂದೆ ಮದ್ದು, ತುದಿಯಲ್ಲಿ ಚರೆ ಎಂಬ ಸಣ್ಣ ಗುಂಡುಗಳು, ಮದ್ದಿಗೂ ಚರೆಗೂ ನಡುವೆ ಒಂದು ಬೆಣೆ ಇರುತ್ತದೆ. ಮದ್ದು ಥಂಡಿ ಹಿಡಿದಿದ್ದರೆ ಪೂರ್ತಿ ಉರಿಯುವುದಿಲ್ಲ. ಬೆಣೆಯನ್ನೂ ಚರೆಯನ್ನೂ ಹೊರಗೆ ದಬ್ಬುವಷ್ಟು ಒತ್ತಡ ಹುಟ್ಟದೆ ಅವು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತವೆ. ಅದರ ಹಿಂದೆ ಇನ್ನೊಂದು ಒಳ್ಳೆ ತೋಟೆ ಹಾಕಿ ಹೊಡೆದರೆ ಆ ಒತ್ತಡಕ್ಕೆ ಮುಂದೆ ಹೋಗಲು ದಾರಿಯಿಲ್ಲ. ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸೀಳುವ ಜಾಗ ಸರಿಯಾಗಿ ನಾವು ಎಡಗೈಯಲ್ಲಿ ಹಿಡಿಯುವ ಜಾಗ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ತೋಟೆಗೆ ಥಂಡಿ ಹಿಡಿದದ್ದು ಎಲ್ಲಿ? ನಾವು ಅದನ್ನು ಮಳೆಯಲ್ಲಿ ನೆನೆಸಿರಲಿಲ್ಲ. ಇದಕ್ಕೆ ಮಾರ್ಚ್ ತಿಂಗಳಿಗೆ ಹೋಗಬೇಕು.

ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಜಾರಿಯಾಯಿತು. ಎಂದಿನಂತೆ, ಚುನಾವಣೆ ಮುಗಿಯುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿ ಎಂದು ಹೇಳಿಕೆ ಬಂತು. ಕೊನೆಯ ವಾರ ಹೋಗಿ ಇಟ್ಟೆ. ನಮ್ಮ ಶಿವಮೊಗ್ಗ ಕ್ಷೇತ್ರಕ್ಕೆ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ತೋಟಕ್ಕೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ನಾನು ವಾಪಸು ತರಲು ಹೋದದ್ದು ಜೂನ್ 20ರ ಮೇಲೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಕೋವಿ ಇಟ್ಟಿದ್ದ ಕೋಣೆಯ ಗೋಡೆಗೆ ನೀರು ಇಳಿದು ಹಸಿರು ಕಟ್ಟಿತ್ತು. ಹತ್ತಾರು ಕೋವಿಗಳನ್ನು ಸೌದೆ ಒಟ್ಟಿದ ಹಾಗೆ ಒಂದರ ಮೇಲೊಂದು ಒರಗಿಸಿದ್ದರು. ನಮ್ಮವು ಅನ್ನಕ್ಕೆ ದಾರಿ ಮಾಡುವ ವಸ್ತುಗಳು, ಅವನ್ನು ಹಾಗೆ ಇಡಬಾರದಿತ್ತು. ಆ ಬೇಸರ ನನಗೆ ಈಗಲೂ ಇದೆ. ಆದರೆ ಅಲ್ಲಿಂದ ಮುಂದಿನ ತಪ್ಪೆಲ್ಲ ನನ್ನದು.

ರೆಕ್ಸಿನ್ ಚೀಲದಲ್ಲಿದ್ದ ಕೋವಿಯನ್ನು ಬೈಕಿಗೆ ಕಟ್ಟಿಕೊಂಡು ಮಳೆಯಲ್ಲೇ ಬಂದೆ. ಚೀಲದ ಹೊರಮೈ ಒರೆಸಿದೆ. ಒಳಗೆ ಸ್ಪಂಜು, ಅದರ ಮೇಲೆ ಉಣ್ಣೆಯಂಥ ಬಟ್ಟೆ. ಮುಟ್ಟಿದರೆ ತಣ್ಣಗಿತ್ತು, ಒದ್ದೆ ಅನ್ನಿಸಲಿಲ್ಲ. ಚೀಲದ ಜೇಬಿನಲ್ಲೇ ತೋಟೆಗಳ ಡಬ್ಬಿ. ಜಿಪ್ ಎಳೆದು ಕಬ್ಬಿಣದ ಬೀರುವಿನಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಮತ್ತೆ ತೆಗೆದದ್ದು ಆ ಸೆಪ್ಟೆಂಬರ್ ರಾತ್ರಿ. ಮೂರು ತಿಂಗಳು! ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಸುರಿಯುವ ಸೀಮೆಯಲ್ಲಿ, ಮಡಿಸಿಟ್ಟ ಪಂಚೆಗೂ ಬೂಷ್ಟು ಬರುವ ಆಷಾಢ ಶ್ರಾವಣದಲ್ಲಿ.

ಸ್ಪಂಜು ನೀರು ಕುಡಿದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ರೆಕ್ಸಿನ್ ಅದನ್ನು ಹೊರಗೆ ಬಿಡುವುದಿಲ್ಲ. ಒಂದು ಒದ್ದೆ ಬಟ್ಟೆಯನ್ನು ಕಬ್ಬಿಣಕ್ಕೆ ಸುತ್ತಿ ಮೂರು ತಿಂಗಳು ಇಟ್ಟ ಹಾಗಾಯಿತು. ಕೋವಿ ಸಾಗಿಸಲು ಮಾತ್ರ ಚೀಲ, ಇಡಲು ಅಲ್ಲ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಚರ್ಮದ ಚೀಲ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಅದೂ ಅಷ್ಟೇ. ಚರ್ಮ ಹದ ಮಾಡಲು ಹಾಕಿದ ಪದಾರ್ಥಗಳು ತೋಟೆಯ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ತರುತ್ತವೆ. ತೋಟೆಯನ್ನು ಬೆಲ್ಟಿನಲ್ಲೇ ಸಿಕ್ಕಿಸಿ ವರ್ಷಗಟ್ಟಲೆ ಇಡುವವರು ಒಮ್ಮೆ ತೆಗೆದು ನೋಡಿ.

ಮರುವಾರ ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದೆ. ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ, ಸಿಕ್ಕಿದ್ದನ್ನು ಕಬ್ಬಿಣದ ಸರಳಿನಿಂದ ಬಡಿಯಬೇಡಿ. ವಯಸ್ಸಾದ ಆ ಮನುಷ್ಯ ನಳಿಗೆಗಳನ್ನು ಬಿಚ್ಚಿ, ಮರದ ಕೋಲಿನಿಂದ ಬೆಣೆಯನ್ನೂ ಚರೆಯನ್ನೂ ಹೊರಗೆ ತಳ್ಳಿದರು. ಒಳಗೆ ಒರೆಸಿ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕನ್ನಡಿಯ ಹಾಗಿದ್ದ ಒಳಮೈಯಲ್ಲಿ ಸಿಡುಬಿನ ಕಲೆಯ ಹಾಗೆ ಗುಳಿಗಳು. ಮೇಲಿನ ತುಕ್ಕನ್ನು ಉಜ್ಜಿ ತೆಗೆಯಬಹುದು, ಗುಳಿ ಬಿದ್ದ ಕಬ್ಬಿಣ ತಿರುಗಿ ಬರುವುದಿಲ್ಲ. ನಳಿಗೆಯ ಕೆಳಗಿನ ಮರದ ತುಂಡು ಕಳಚಿದಾಗ ಅದರಡಿ ತುಕ್ಕು ಪದರು ಪದರಾಗಿ ಎದ್ದಿತ್ತು. ಹೊರಗಿನಿಂದ ನೋಡಿದರೆ ಅಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ನಳಿಗೆಗಳನ್ನು ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗು ಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಒಳ್ಳೆ ಜೋಡು ನಳಿಗೆ ದೇವಸ್ಥಾನದ ಗಂಟೆಯ ಹಾಗೆ ಉಲಿಯಬೇಕಂತೆ. ನಮ್ಮದು ಒಡೆದ ಮಡಕೆಯ ಹಾಗೆ ಗೊರಗುಟ್ಟಿತು. ಎರಡು ನಳಿಗೆಗಳನ್ನು ಬೆಸೆಯುವ ಪಟ್ಟಿಯ ಕೆಳಗೆ ನೀರು ಇಳಿದು, ಒಳಗೇ ತುಕ್ಕು ತಿಂದು, ಬೆಸುಗೆ ಬಿಟ್ಟಿತ್ತು. "ಇದರಲ್ಲಿ ಇನ್ನು ಈಡು ಹೊಡೀಬೇಡಿ" ಎಂದರು. ಅಪ್ಪಯ್ಯ ನಲವತ್ತು ವರ್ಷ ಕಾಪಾಡಿದ ಕೋವಿ ಅದು.

ಅವರು ಹೇಗೆ ಕಾಪಾಡಿದ್ದರು ಎಂದು ಈಗ ಯೋಚಿಸುತ್ತೇನೆ. ಮಳೆಯಿಂದ ಬಂದವರು ಕಂಬಳಿಕೊಪ್ಪೆ ತೆಗೆಯುವ ಮೊದಲು ಕೋವಿ ಮಡಚಿ ತೋಟೆ ತೆಗೆಯುತ್ತಿದ್ದರು. ನಳಿಗೆ, ಮರ, ಕೆಳಗಿನ ತುಂಡು ಮೂರನ್ನೂ ಬೇರೆ ಮಾಡಿ ಹಳೆ ಪಂಚೆಯಿಂದ ಒರೆಸುತ್ತಿದ್ದರು. ಊಟ ಮುಗಿಸಿ ಬಂದು ಇನ್ನೊಮ್ಮೆ ಒರೆಸುತ್ತಿದ್ದರು. ಚಿಕ್ಕವನಾಗಿದ್ದಾಗ ಅದು ಅತಿ ಅನ್ನಿಸುತ್ತಿತ್ತು. ಈಗ ಕಾರಣ ಗೊತ್ತಾಗಿದೆ. ಹೊರಗಿನ ಥಂಡಿಯಲ್ಲಿ ತಣಿದ ಕಬ್ಬಿಣ ಒಲೆ ಉರಿಯುವ ಮನೆಯೊಳಗೆ ಬಂದರೆ ಗಾಳಿಯ ಪಸೆ ಅದರ ಮೇಲೆ ಬೆವರಿನಂತೆ ಕೂರುತ್ತದೆ. ಮೊದಲ ಸಲ ಒರೆಸಿದ್ದು ಮಳೆ ನೀರು, ಎರಡನೇ ಸಲ ಒರೆಸಿದ್ದು ಆ ಬೆವರು. ಆಮೇಲೆ ಅದು ನಡುಮನೆಯ ಒಳಗೋಡೆಯ ಗೂಟದ ಮೇಲೆ, ಒಲೆಯ ಕಾವು ತಾಗುವ ಕಡೆ ಕೂರುತ್ತಿತ್ತು. ಇವತ್ತು ಹಾಗೆ ಬಯಲಲ್ಲಿ ತೂಗುಹಾಕುವುದು ಸರಿಯಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಬೀಗದೊಳಗೇ ಇರಬೇಕು. ಆದರೆ ಬೀರು ಹೊರಗೋಡೆಗೆ ತಾಗದ ಹಾಗೆ, ನೆಲದಿಂದ ನಾಲ್ಕು ಬೆರಳು ಮೇಲೆ ಇರಲಿ. ಕೋವಿಯನ್ನು ಚೀಲವಿಲ್ಲದೆ, ಎಣ್ಣೆ ಸವರಿದ ಹತ್ತಿ ಬಟ್ಟೆ ತಾಗಿಸಿ ಇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಿ, ಇಲ್ಲದಿದ್ದರೆ ಅದೂ ನೀರು ಕುಡಿದು ಸುಮ್ಮನೆ ಕೂತಿರುತ್ತದೆ.

ಎಣ್ಣೆ ವಿಷಯದಲ್ಲಿ ನಮ್ಮ ಕಡೆ ಮಾಡುವ ದೊಡ್ಡ ತಪ್ಪು ಕೊಬ್ಬರಿ ಎಣ್ಣೆ. ಮನೆಯಲ್ಲಿದೆ ಎಂದು ಅದನ್ನೇ ಸವರುತ್ತೇವೆ. ಅದು ದಿನ ಕಳೆದಂತೆ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. ಮಾರ್ಗಶಿರದ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕೋವಿಯ ಸ್ಪ್ರಿಂಗುಗಳ ನಡುವೆಯೂ ಗಟ್ಟಿಯಾಗುತ್ತದೆ. ಸೀಮೆಎಣ್ಣೆ ಕೊಳೆ ತೊಳೆಯಲು ಸರಿ, ಆದರೆ ಆರಿಹೋದಮೇಲೆ ಕಾಪಾಡುವ ಪದರ ಉಳಿಯುವುದಿಲ್ಲ. ಡಬ್ಲ್ಯೂಡಿ-40 ಸ್ಪ್ರೇ ಕೂಡ ನೀರನ್ನು ಹೊರದಬ್ಬಲು ಒಳ್ಳೆಯದು, ಅದನ್ನೇ ನಂಬಿ ಮಳೆಗಾಲ ಪೂರ್ತಿ ಬಿಡಬೇಡಿ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ ಎಷ್ಟೋ ವಾಸಿ. ಅದನ್ನೂ ಸುರಿಯಬಾರದು, ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿದರೆ ಸಾಕು. ಹೆಚ್ಚಾದ ಎಣ್ಣೆ, ಕೋವಿ ನಿಲ್ಲಿಸಿಟ್ಟಾಗ ಕೆಳಗಿಳಿದು ಮರದ ಕುತ್ತಿಗೆಯ ಭಾಗಕ್ಕೆ ಸೇರಿ ಮರ ಮೆತ್ತಗಾಗುತ್ತದೆ. ಮರಕ್ಕೆ ಬೇಕಾದದ್ದು ಅಗಸೆ ಎಣ್ಣೆ, ಅದೂ ಮರ ಪೂರ್ತಿ ಒಣಗಿದ ಮೇಲೆ, ಕೈಯಲ್ಲಿ ತಿಕ್ಕಿ. ಕೊನೆಯ ಸಲ ಮುಟ್ಟುವಾಗ ಬರಿಗೈ ಕಬ್ಬಿಣಕ್ಕೆ ತಾಗಬಾರದು, ಬೆವರಿನ ಉಪ್ಪಿನಿಂದ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಆಯುಧಪೂಜೆಯ ದಿನ ನಳಿಗೆಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿ, ಒದ್ದೆ ಹೂವು ಸಿಕ್ಕಿಸಿ, ಮರುದಿನ ಹಾಗೇ ಎತ್ತಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪೂಜೆ ಮಾಡಿ, ಸಂಜೆಗೆ ಒರೆಸಿ ಎಣ್ಣೆ ಹಾಕಿ.

ಕೊಡಗಿನ ಸ್ನೇಹಿತರೊಬ್ಬರ ಮನೆಯ ಪದ್ಧತಿ ನನಗೆ ಬಹಳ ಹಿಡಿಸಿತು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಅವರು ಕೋವಿಗಳನ್ನು ಹೊರತೆಗೆದು ಶುಚಿ ಮಾಡಿ, ತೋಕ್ ಪೂ ಎಂಬ ಹೂವನ್ನು ಇಟ್ಟು ಪೂಜಿಸುತ್ತಾರೆ. ಆದರೆ ಅವರು ಹಬ್ಬಕ್ಕೆ ಕಾಯುವುದಿಲ್ಲ, ಜೂನ್‌ನಿಂದಲೇ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡುತ್ತಾರೆ.

ಈಗ ಮೊದಲು ಬಾಕಿ ಇಟ್ಟ ಮಾತು. ಟ್ರಿಗರ್ ಎಳೆದಾಗ ಟಕ್ ಎಂದು ಸುಮ್ಮನಾದರೆ ಕೋವಿಯನ್ನು ಮಡಚಬೇಡಿ. ಥಂಡಿ ಹಿಡಿದ ತೋಟೆ ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ನಿಲ್ಲಿ, ಆಮೇಲೆ ತೆಗೆಯಿರಿ. ಸದ್ದು ಅಥವಾ ಒದೆತ ಕಡಿಮೆ ಅನ್ನಿಸಿದರೆ ಆ ರಾತ್ರಿಗೆ ಕೋವಿ ಮುಗಿಯಿತು ಅಂದುಕೊಳ್ಳಿ, ಹಂದಿ ಏನು ತಿಂದರೂ ತಿನ್ನಲಿ. ಹಳೆಯ ಕಾಗದದ ತೋಟೆ ಊದಿಕೊಂಡು ನಳಿಗೆಗೆ ಬಿಗಿಯಾಗಿ ಹೋಗುತ್ತಿದ್ದರೆ ಒತ್ತಿ ತುರುಕಬೇಡಿ, ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟು ಒಣಗಿಸಲೂ ಹೋಗಬೇಡಿ. ಒಮ್ಮೆ ಕೆಟ್ಟ ಮದ್ದು ಒಣಗಿದರೂ ನಂಬಿಕೆಗೆ ಅರ್ಹವಲ್ಲ. ತೋಟೆಗೆ ಎಣ್ಣೆ ಕೈಯೂ ತಾಗಬಾರದು, ಎಣ್ಣೆ ಕೇಪಿಗೆ ಇಳಿದರೆ ಅದು ಸತ್ತ ಹಾಗೆ.

ಪ್ರತಿ ಸಲ ತೋಟೆ ಹಾಕುವ ಮೊದಲು ನಳಿಗೆಯೊಳಗೆ ಬೆಳಕು ಹಾಯಿಸಿ. ಮಳೆಗೆ ನೀರು ಹೋಗದಿರಲೆಂದು ಬಾಯಿಗೆ ಬಟ್ಟೆ ತುರುಕಿ ಮರೆತವರಿದ್ದಾರೆ. ಗದ್ದೆ ಅಂಚಿನಲ್ಲಿ ಜಾರಿ ಬಿದ್ದಾಗ ಒಂದು ಮುಷ್ಟಿ ಕೆಸರು ಒಳಗೆ ಸೇರಬಹುದು. ನಮ್ಮ ಪಕ್ಕದ ಮನೆಯವರ ಒಂಟಿ ನಳಿಗೆಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು, ಕೀಲಿ ತೂತಿನಲ್ಲಿ ಕಟ್ಟುತ್ತದಲ್ಲ, ಹಾಗೆ. ಮಗ ಶುಚಿ ಮಾಡಲು ಕೂತಿದ್ದಕ್ಕೆ ಕಂಡಿತು.

ಮುಂದಿನ ಚುನಾವಣೆಗೆ ಠೇವಣಿ ಇಡಬೇಕಾಗಿ ಬಂದರೆ, ತೋಟಕ್ಕೆ ಪ್ರಾಣಿ ಕಾಟ ಇರುವವರು ವಿನಾಯಿತಿ ಕೇಳಿ ಜಿಲ್ಲೆಯ ಸ್ಕ್ರೀನಿಂಗ್ ಸಮಿತಿಗೆ ಅರ್ಜಿ ಕೊಡಬಹುದು. ಇಡಲೇಬೇಕಾದರೆ ನಳಿಗೆಯ ಒಳಗೂ ಹೊರಗೂ ಗ್ರೀಸ್ ತೆಳ್ಳಗೆ ಹಚ್ಚಿ, ಹತ್ತಿ ಬಟ್ಟೆ ಸುತ್ತಿ ಕೊಡಿ. ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಇಡಲು ಒಪ್ಪಿದರೆ ಬಾಡಿಗೆ ಹೋದರೂ ಅಲ್ಲೇ ಇಡಿ. ಕೊಡುವಾಗ ನಳಿಗೆ, ಮರ, ನಂಬರು ಕಾಣುವಂತೆ ಫೋಟೊ ತೆಗೆದುಕೊಳ್ಳಿ, ರಸೀದಿಯಲ್ಲಿ ಕೋವಿಯ ಸ್ಥಿತಿ ಬರೆಸಿಕೊಳ್ಳಿ. ನನ್ನ ಹತ್ತಿರ ಬರಿ ನಂಬರಿದ್ದ ಚೀಟಿ ಇತ್ತು. ಕೊಟ್ಟಾಗ ಕೋವಿ ಹೇಗಿತ್ತು ಎಂದು ತೋರಿಸಲು ಏನೂ ಇರಲಿಲ್ಲ. ಎಣಿಕೆ ಮುಗಿದ ವಾರದೊಳಗೆ ಹೋಗಿ ತನ್ನಿ, ಗ್ರೀಸನ್ನು ಪೂರ್ತಿ ಒರೆಸಿ ತೆಗೆದ ಮೇಲೆಯೇ ಬಳಸಿ.

ಈ ಜೂನ್‌ನಿಂದ ಇತ್ತ ಕೋವಿಯನ್ನು ಚೀಲದಿಂದ ಹೊರಗೆ ತೆಗೆಯದವರು ಇವತ್ತು ರಾತ್ರಿ ತೆಗೆಯಿರಿ. ತೋಟೆ ಇಲ್ಲವೆಂದು ಎರಡು ಸಲ ನೋಡಿಕೊಂಡು, ನಳಿಗೆಯ ಕೆಳಗಿನ ಮರದ ತುಂಡು ಕಳಚಿ. ನನ್ನದು ಮೊದಲು ತಿಂದದ್ದು ಅಲ್ಲಿಂದ.