ಕಚ್ಚುವ ಮಗನೂ ಬದಿಯಡ್ಕ ಕಡೆಯ ಪ್ಲೇಸ್ಕೂಲೂ

ಕಾಸರಗೋಡಿನ ಬದಿಯಡ್ಕ ಹತ್ರ ಒಳ್ಳೆ ಪ್ಲೇಸ್ಕೂಲ್ ಯಾವ್ದುಂಟು ಅಂತ ತುಂಬ ಜನ ಕೇಳ್ತಾರೆ, ಅದಕ್ಕೆ ಬರೀತಿದ್ದೇನೆ. ಹೆಸರು ಇಲ್ಲಿ ಹಾಕುದಿಲ್ಲ, ದೂರು ಸಹ ಉಂಟಲ್ಲ.

ನನ್ನ ಮಗನಿಗೆ ಮೂರು ವರ್ಷ, ಲೂಟಿ ಅಂದ್ರೆ ಕೇಳುದು ಬೇಡ, ಮೇಲಿಂದ ಕಚ್ಚುದು ಬೇರೆ. ಮೊದಲು ಹಾಕಿದ ಕಡೆ, ಕಚ್ಚಿದ ಕೂಡ್ಲೇ ಜಗಲಿಲಿ ಒಬ್ಬನನ್ನೇ ಕೂರಿಸ್ತಿದ್ರು. ಒಂದಿನ ನಾನು ಬೇಗ ಹೋದ್ರೆ ಚಪ್ಪಲಿಗಳ ಮಧ್ಯ ಕೂತು ಯಾರದ್ದೋ ಚಪ್ಪಲಿಯ ಬಾರು ಎಳೀತಿದ್ದ, ಎಷ್ಟು ಹೊತ್ತಾಯ್ತು ಅಂತ ಕೇಳಿದ್ರೆ ಟೀಚರಿಗೇ ನೆನಪಿಲ್ಲ. ಅಲ್ಲಿಂದ ಬಿಡಿಸಿ ಈಗಿನ ಪ್ಲೇಸ್ಕೂಲಿಗೆ ಹಾಕಿದೆ.

ಇಲ್ಲಿಯ ಟೀಚರ್ ಕಚ್ಚಿಸ್ಕೊಂಡ ಮಗುವನ್ನ ಮೊದಲು ಎತ್ಕೊಳ್ತಾರೆ, ಇವನಿಗೆ ಕಚ್ಲಿಕ್ಕಿಲ್ಲ ಅಂತ ಒಂದೇ ಮಾತು, ಮತ್ತೆ ನೋಟ್‌ಬುಕ್ಕಿಲಿ ಬರೀತಾರೆ, ಎಷ್ಟು ಗಂಟೆ, ಹತ್ರ ಯಾರಿದ್ರು, ಅದರ ಮೊದಲು ಎಂತ ಆಯ್ತು. ವಾರ ಕಳೆದು ತೋರಿಸಿದ್ರು, ಐದರಲ್ಲಿ ನಾಲ್ಕು ಸಲ ಆಟದ ಜೇಸಿಬಿಗೇ ಜಗಳ. ಇವ ಕೊಡು ಕೊಡು ಅಂತಾನೆ, ಆಚೆ ಮಗುವಿನ ಮನೆಲಿ ಮಲಯಾಳ, ಅದು ಸುಮ್ಮನೆ ಮುಖ ನೋಡ್ತದೆ, ಮೂರನೇ ಸಲಕ್ಕೆ ಹಲ್ಲು! ಈ ಪ್ರಾಯಲಿ ಮಾತು ಸಾಲದಿದ್ರೆ ಮಕ್ಕಳು ಕಚ್ಚುದುಂಟು ಅಂದ್ರು. ಎಲ್ಲಾ ಮಕ್ಕಳಿಗೂ ಕೈ ಚಾಚಿ ಕನ್ನಡದ ಕೊಡು, ಮಲಯಾಳದ ತಾ ಎರಡೂ ಹೇಳ್ಲಿಕ್ಕೆ ಕಲಿಸಿದ್ರು. 2020ರ ಶಿಕ್ಷಣ ನೀತಿಲಿ ಆದಷ್ಟು ಮನೆಭಾಷೆಲೇ ಕಲಿಸುದು ಅಂತೆಲ್ಲ ಉಂಟು, ಈ ಒಂದು ರೂಮಲ್ಲೇ ಕನ್ನಡ, ತುಳು, ಮಲಯಾಳ, ಕೊಂಕಣಿ, ಯಾವ ಮನೆಯದ್ದು ಅಂತ ಹಿಡಿಯುದು ಮಾರಾಯ್ರೆ!

ಆಟ ನಿಲ್ಸುವ ಐದು ನಿಮಿಷ ಮೊದಲೇ ಸಣ್ಣ ಗಂಟೆ ಬಾರಿಸ್ತಾರೆ, ಅಚಾನಕ್ ಕೈಯಿಂದ ಕಿತ್ಕೊಳ್ಳುದಿಲ್ಲ. ಸುಮ್ಮನೆ ಗುಡ್ ಬಾಯ್ ಅನ್ನುದಿಲ್ಲ, ಇವತ್ತು ಕೇಳಿ ತಕ್ಕೊಂಡಿಯಲ್ಲ ಅಂತ ಮಾಡಿದ್ದನ್ನೇ ಹೇಳ್ತಾರೆ, ಇವ ಮನೆಗೆ ಬಂದು ಅದೇ ರಾಗದಲ್ಲಿ ನನಗೆ ಹೇಳ್ತಾನೆ. ನನ್ನತ್ತೆ ಹೊಡೀಲಿಕ್ಕೆ ಒಂದು ಅಡರು ಕಡಿದು ಕಳಿಸ್ಲಾ ಅಂತ ಕೇಳಿದ್ರು, ಟೀಚರ್ ನಗಾಡಿ, ಬೇಡ ಅಮ್ಮ, ಹೂ ಬಿಡುವ ಗೆಲ್ಲು ಇದ್ರೆ ಕೊಡಿ, ಇಲ್ಲಿ ನೆಡುವ ಅಂದ್ರು.

ದೂರು ಎಂತ ಅಂದ್ರೆ 26 ಮಕ್ಕಳಿಗೆ ಒಬ್ರೇ ಟೀಚರ್, ಒಬ್ರು ಆಯಾ. ಮಳೆಗಾಲದಲ್ಲಿ ಅಂಗಳಕ್ಕೆ ಬಿಡ್ಲಿಕ್ಕಾಗುದಿಲ್ಲ, ಶೀಟಿನ ಮೇಲೆ ಮಳೆಯ ಶಬ್ದ, ಕೆಳಗೆ ಇವರ ಬೊಬ್ಬೆ, ಜುಲೈಲಿ ಪುನಃ ಎರಡು ಸಲ ಕಚ್ಚಿದ. ವಾಟ್ಸಾಪ್ ನೋಟೀಸು ಬರೀ ಮಲಯಾಳದಲ್ಲಿ, ಕೇಳಿದ ಮೇಲೆ ಕನ್ನಡದಲ್ಲಿ ವಾಯ್ಸ್ ಹಾಕ್ಲಿಕ್ಕೆ ಶುರು ಮಾಡಿದ್ರು.

ಐದರಲ್ಲಿ ನಾಲ್ಕು ಸ್ಟಾರ್. ನೋಡ್ಲಿಕ್ಕೆ ಹೋಗುದಾದ್ರೆ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಹೋಗ್ಬೇಡಿ, ಆಟಿಕೆ ತೆಗೆದಿಡುವ ಹೊತ್ತಿಗೆ, 11.15ಕ್ಕೆ ಹೋಗಿ.