ರೊಸಾಲಿಂಡ್: ಪೈಥಾನಿಗೆ ಕೈ ಪಳಗಿಸಲು ಸಾಕು, ಕೆಲಸಕ್ಕೆ ಸಾಲದು

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ ಪ್ರಾಜೆಕ್ಟಿಗೆ ಹೋಗಬೇಕೆಂದಿರುವ ಬಯಾಲಜಿ ಮಕ್ಕಳೇ, ದುಡ್ಡು ಕೊಟ್ಟು ಕೋಡಿಂಗ್ ಕೋರ್ಸಿಗೆ ಸೇರುವ ಮೊದಲು, ಬಯಾಲಜಿಯ ಲೆಕ್ಕ ಬಿಡಿಸುತ್ತ ಕೋಡಿಂಗ್ ಕಲಿಯುವ ರೊಸಾಲಿಂಡ್ ತಾಣ ನೋಡಿ. ಡಿಎನ್‌ಎಯ ಎಕ್ಸ್‌ರೇ ಚಿತ್ರಗಳಿಂದ ಹೆಸರಾದ ರೊಸಾಲಿಂಡ್ ಫ್ರಾಂಕ್ಲಿನ್ ಹೆಸರಿನದು. 2012ರಿಂದ ಇದೆ, ಉಚಿತ.

ಇಲ್ಲಿ ಪಾಠ ಕಮ್ಮಿ, ಲೆಕ್ಕ ಜಾಸ್ತಿ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವುದು ನಿಮ್ಮ ಕಂಪ್ಯೂಟರಿನಲ್ಲೇ. ಮಾದರಿಗೆ ಉತ್ತರ ಸರಿ ಬಂದ ಮೇಲೆ ಡೇಟಾಸೆಟ್ ಇಳಿಸಿಕೊಳ್ಳಿ. ಮುಖ್ಯ ಲೆಕ್ಕಗಳಿರುವ ಸ್ಟ್ರಾಂಗ್‌ಹೋಲ್ಡ್ ವಿಭಾಗದಲ್ಲಿ ಇಳಿಸಿದ 5 ನಿಮಿಷದೊಳಗೆ ಉತ್ತರ ಹಾಕಬೇಕು. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಗಾಬರಿ ಬೇಡ, ಇನ್ನೊಂದು ಡೇಟಾಸೆಟ್ ಸಿಗುತ್ತದೆ.

ಎಡವುವುದು ಮೂರನೆಯ ಲೆಕ್ಕದಲ್ಲಿ, ರಿವರ್ಸ್ ಕಾಂಪ್ಲಿಮೆಂಟಿನಲ್ಲಿ. ಅಂದರೆ ಡಿಎನ್‌ಎಯ ಪ್ರತಿ ಅಕ್ಷರಕ್ಕೂ ಅದರ ಜೋಡಿ ಅಕ್ಷರ ಹಾಕಿ, ಸಾಲನ್ನು ಹಿಂದುಮುಂದಾಗಿ ಬರೆಯುವುದು. ಎ ಇದ್ದಲ್ಲಿ ಟಿ, ಟಿ ಇದ್ದಲ್ಲಿ ಎ ಬರಲೆಂದು ಹೊಸಬರು ಅಕ್ಷರ ಬದಲಿಸುವ ರಿಪ್ಲೇಸ್ ಕಮಾಂಡನ್ನು ಎರಡು ಸಲ ಓಡಿಸುತ್ತಾರೆ. ಮೊದಲ ಸಲಕ್ಕೆ ಎ ಎಲ್ಲ ಟಿ ಆಯಿತು. ಎರಡನೆಯ ಸಲ ಹಳೆ ಟಿ ಜತೆಗೆ ಈಗಷ್ಟೇ ಹುಟ್ಟಿದ ಟಿಯೂ ಎ ಆಗಿಬಿಡುತ್ತದೆ. ‘ಎ-ಟಿ-ಟಿ’ಗೆ ‘ಟಿ-ಎ-ಎ’ ಬರುವ ಬದಲು ‘ಎ-ಎ-ಎ’! ನಾಲ್ಕೂ ಅಕ್ಷರ ಒಂದೇ ಏಟಿಗೆ ಬದಲಾಗುವಂತೆ ಪೈಥಾನಿನ ಟ್ರಾನ್ಸ್‌ಲೇಟ್ ಬಳಸಿ, ಆಮೇಲೆ ತಿರುಗಿಸಿ. ಡಿಎನ್‌ಎಯಲ್ಲಿ ಜಿ ಮತ್ತು ಸಿ ಶೇಕಡಾ ಎಷ್ಟು ಎಂದು ಕೇಳುವ ಜಿಸಿ ಲೆಕ್ಕದ ತೊಡಕೇ ಬೇರೆ: ಸೀಕ್ವೆನ್ಸ್ ಇಡುವ ಫಾಸ್ಟಾ ಫೈಲಿನಲ್ಲಿ ಒಂದೇ ಸೀಕ್ವೆನ್ಸ್ ಹಲವು ಸಾಲಿಗೆ ಹಬ್ಬಿರುತ್ತದೆ. ಮುಂದಿನ ಸೀಕ್ವೆನ್ಸ್ ಶುರುವಾಯಿತೆಂದು ಹೇಳುವ ‘>’ ಬರುವ ತನಕ ಸಾಲುಗಳನ್ನು ಜೋಡಿಸದಿದ್ದರೆ ಶೇಕಡಾ ತಪ್ಪುತ್ತದೆ.

ಕೊರತೆಯೂ ದೊಡ್ಡದೇ. ಮೊದಲ ಲೆಕ್ಕದ ಡಿಎನ್‌ಎ ಹೆಚ್ಚೆಂದರೆ 1000 ಅಕ್ಷರ, ನಮ್ಮ ತೆಂಗಿನ ಜೀನೋಮ್ 200 ಕೋಟಿ ದಾಟುತ್ತದೆ. ಅಷ್ಟು ದೊಡ್ಡ ಫೈಲು ಸಂಭಾಳಿಸಲು ಲಿನಕ್ಸ್ ಕಮಾಂಡ್ ಬೇಕು, ಅದು ಈ ಲೆಕ್ಕಗಳಿಂದ ಬರುವುದಿಲ್ಲ. ವಿಂಡೋಸ್ ಇದ್ದವರು ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡು, ಯಂತ್ರ ಓದಿದ ಡಿಎನ್‌ಎ ತುಣುಕುಗಳೂ (ರೀಡ್) ಅವುಗಳ ಗುಣಮಟ್ಟದ ಅಂಕಗಳೂ ಇರುವ ಒಂದು ಫಾಸ್ಟ್‌ಕ್ಯೂ ಫೈಲು ಹಿಡಿದು ಕೂರಿ. ಒಂದೊಂದು ರೀಡಿಗೂ ನಾಲ್ಕು ಸಾಲು, ಮೊದಲನೆಯದು ‘@’ನಿಂದ ಶುರು. ಅದರಲ್ಲಿ ಎಷ್ಟು ರೀಡ್ ಇದೆ ಎಂದು ತಿಳಿಯಲು ‘@’ ಇರುವ ಸಾಲು ಎಣಿಸಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಗುಣಮಟ್ಟದ ಅಂಕ 31 ಆದಾಗ ಅದನ್ನು ಬರೆಯುವುದೂ ‘@’ ಗುರುತಿನಲ್ಲೇ. ಒಟ್ಟು ಸಾಲು ಎಣಿಸಿ 4ರಿಂದ ಭಾಗಿಸಿ.

ಆರ್‌ಎನ್‌ಎ ಸೀಕ್ವೆನ್ಸಿಂಗ್ ಕೆಲಸಕ್ಕೆ ಆರ್ ಭಾಷೆ ಬೇಕೇ ಬೇಕು. ಯಾವ ಜೀನಿನ ಚಟುವಟಿಕೆ ಹೆಚ್ಚು-ಕಮ್ಮಿ ಆಗಿದೆ ಎಂದು ಹೋಲಿಸುವ ಆರ್ ಪ್ಯಾಕೇಜ್ ಡಿಇಸೆಕ್2ಗೆ ಕೊಡಬೇಕಾದ್ದು ಪ್ರತಿ ಜೀನಿಗೆ ಸಿಕ್ಕ ರೀಡುಗಳ ಹಸಿ ಎಣಿಕೆ. ಮೊದಲೇ ನಾರ್ಮಲೈಸ್ ಮಾಡಿ (ಸರಿದೂಗಿಸಿ) ಕೊಟ್ಟರೆ ಫಲಿತಾಂಶ ನಂಬುವಂತಿಲ್ಲ.

ಸ್ಟ್ರಾಂಗ್‌ಹೋಲ್ಡಿನಲ್ಲಿ 25-30 ಲೆಕ್ಕ ಮುಗಿಸಿ ಲಿನಕ್ಸಿಗೆ ಹೋಗಿ, ಆಮೇಲೆ ಆರ್. ಹಳೆಯ ಕೋಡಿಂಗ್ ಭಾಷೆ ಪರ್ಲ್ ಕಲಿಯಿರಿ ಎಂದು ಯಾರಾದರೂ ಹೇಳಿದರೆ, ಹಳೆ ಸ್ಕ್ರಿಪ್ಟ್ ಓದುವ ಕೆಲಸ ಬಂದಾಗ ನೋಡಿಕೊಂಡರಾಯಿತು.